‘ಈ ತೆರಿಗೆ ಕಟ್ಟಬೇಕೆಂದು ಕಾನೂನು ಎಲ್ಲಿದೆ ತೋರಿಸಿ’

ಅಮೆರಿಕದಲ್ಲಿ ದುಡಿಯುವವನು ಫೆಡರಲ್ ಆದಾಯ ತೆರಿಗೆ ಕಟ್ಟಬೇಕಾದ್ದಿಲ್ಲ, ಆ ತೆರಿಗೆಗೆ ಅಲ್ಲಿನ ಸಂವಿಧಾನದ ಒಪ್ಪಿಗೆಯೇ ಇಲ್ಲ ಎಂಬ ವಾದ ಇಂದು ನಿನ್ನೆಯದಲ್ಲ. ಅಲ್ಲಿನ ನ್ಯಾಯಾಲಯಗಳು ದಶಕಗಳಿಂದ ಅದನ್ನು ಕೇಳಿ, ತಿರಸ್ಕರಿಸಿ, ಕೊನೆಗೆ ಬೇಸತ್ತು, ಆ ವಾದ ಹೂಡಿದವರಿಗೇ ದಂಡ ಹಾಕುವ ಹಂತಕ್ಕೆ ಬಂದಿವೆ. ಆದರೂ ಅದಕ್ಕೆ ಸಾವಿಲ್ಲ. ಈಗ ಅದು ವಾಟ್ಸ್‌ಆ್ಯಪ್ ವಿಡಿಯೊಗಳ ರೂಪದಲ್ಲಿ ತುಮಕೂರಿನ ನನ್ನ ಕಚೇರಿಯವರೆಗೂ ಬಂದಿದೆ. ಜನರ ಲೆಕ್ಕ ನೋಡಿ ರಿಟರ್ನ್ಸ್ ಹಾಕಿಕೊಡುವುದು ನನ್ನ ಕೆಲಸ. ನನ್ನ ಬಳಿಗೆ ಬರುವವರಲ್ಲಿ ಅಡಿಕೆ ಮಂಡಿಯವರು, ಕೊಬ್ಬರಿ ವ್ಯಾಪಾರಿಗಳು, ನಿವೃತ್ತ ಮೇಷ್ಟರು ಇದ್ದಾರೆ. ಅವರಲ್ಲಿ ಅನೇಕರ ಮಕ್ಕಳು ಇಲ್ಲಿಯ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಡಲ್ಲಾಸ್, ಸಿಯಾಟಲ್ ಕಡೆ ಕೆಲಸಕ್ಕೆ ಹೋದವರು. ಅಪ್ಪನ ರಿಫಂಡ್ ಎಲ್ಲಿಗೆ ಬಂತು ಎಂದು ವಿಚಾರಿಸಲು ಫೋನ್ ಮಾಡಿದವರು ತಮ್ಮ ಊರಿನ ಸಂಶಯವನ್ನೂ ಕೇಳಿಬಿಡುತ್ತಾರೆ. ಟೆಕ್ಸಾಸಿನಲ್ಲಿರುವ ನನ್ನ ಅಕ್ಕನ ಮಗನೇ, ಸಹೋದ್ಯೋಗಿಯೊಬ್ಬ ತೋರಿಸಿದ ವಿಡಿಯೊ ನೋಡಿ, “ಮಾವ, ಕಾನೂನು ತೋರಿಸಿ ಅಂದ್ರೆ ಇಲ್ಲಿನ ತೆರಿಗೆ ಇಲಾಖೆಯವರ ಹತ್ರಾನೇ ಉತ್ತರ ಇಲ್ವಂತೆ, ನಿಜಾನಾ?” ಎಂದು ಕೇಳಿದ.

ನಾನು ಅಮೆರಿಕದ ವಕೀಲನಲ್ಲ. ಆದರೆ ಅಲ್ಲಿನ ತೀರ್ಪುಗಳು ಯಾರು ಬೇಕಾದರೂ ಓದಬಹುದಾದ ಸಾರ್ವಜನಿಕ ಕಾಗದಗಳು, ಮತ್ತು ನನ್ನ ವೃತ್ತಿಯವರಿಗೆ ಸೆಕ್ಷನ್ನುಗಳನ್ನು ಓದುವ ಚಟ ಸಹಜವಾಗಿಯೇ ಅಂಟಿರುತ್ತದೆ. ಓದುತ್ತಾ ಹೋದಂತೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಈ ವಾದಗಳನ್ನು ಯಾರೂ ಗಾಳಿಯಲ್ಲಿ ಹುಟ್ಟಿಸಿಲ್ಲ. ಹೆಚ್ಚುಕಡಿಮೆ ಒಂದೊಂದರ ಬುಡದಲ್ಲೂ ನಿಜವಾದ ಒಂದು ತೀರ್ಪು, ನಿಜವಾದ ಒಂದು ವಾಕ್ಯ ಇದೆ. ಆ ತೀರ್ಪನ್ನು ಕೊನೆಯ ಪುಟದವರೆಗೆ ಓದಿದರೆ ಅದು ವಾದಿಸುವವನ ವಿರುದ್ಧವೇ ನಿಲ್ಲುತ್ತದೆ.

ಎಲ್ಲಕ್ಕೂ ಮೂಲವಾಗಿರುವ ವಾದ ‘ನೇರ ತೆರಿಗೆ’ಯದು. 1787ರಲ್ಲಿ ರಚಿತವಾದ ಅಮೆರಿಕ ಸಂವಿಧಾನ, ತೆರಿಗೆ ಹಾಕುವ ಅಧಿಕಾರವನ್ನು ಮೊದಲ ವಿಧಿಯ 8ನೇ ಸೆಕ್ಷನ್ನಿನಲ್ಲಿಯೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕೊಟ್ಟಿದೆ. ಜೊತೆಗೆ ಎರಡು ಷರತ್ತುಗಳನ್ನು ಇಟ್ಟಿದೆ: ಆಮದು ಸುಂಕ, ಅಬಕಾರಿಯಂಥ ತೆರಿಗೆಗಳು ದೇಶದ ಉದ್ದಗಲಕ್ಕೂ ಒಂದೇ ರೀತಿ ಇರಬೇಕು, ನೇರ ತೆರಿಗೆಯನ್ನಾದರೆ ಜನಗಣತಿಯ ಪ್ರಕಾರ ರಾಜ್ಯಗಳಿಗೆ ಹಂಚಿ ವಸೂಲು ಮಾಡಬೇಕು. ಈ ಎರಡನೆಯ ಷರತ್ತು ಗುಲಾಮಗಿರಿಯ ರಾಜ್ಯಗಳೊಂದಿಗೆ ಆದ ಒಪ್ಪಂದದ ಭಾಗ; ಐವರು ಗುಲಾಮರನ್ನು ಮೂವರೆಂದು ಎಣಿಸುವ ಕುಖ್ಯಾತ ಲೆಕ್ಕವೂ ಅದೇ ವಾಕ್ಯದಲ್ಲಿದೆ.

ಜನಸಂಖ್ಯೆಯ ಪ್ರಕಾರ ಹಂಚುವುದು ಕೇಳಲು ನ್ಯಾಯವಾಗಿಯೇ ಇದೆ. ಆದಾಯದ ಮೇಲಿನ ತೆರಿಗೆಗೆ ಅದನ್ನು ಹಚ್ಚಿ ನೋಡಿದಾಗ ಅದರ ಎಡವಟ್ಟು ಗೊತ್ತಾಗುತ್ತದೆ. ನಮ್ಮ ಜಿಲ್ಲೆಯ ತಿಪಟೂರು, ಪಾವಗಡ ತಾಲ್ಲೂಕುಗಳಲ್ಲಿ ತಲಾ ಎರಡು ಲಕ್ಷ ಜನ ಇದ್ದಾರೆಂದು ಲೆಕ್ಕಕ್ಕಾಗಿ ಭಾವಿಸೋಣ. ಜನಸಂಖ್ಯೆ ಸಮ ಆದ್ದರಿಂದ ಇಬ್ಬರ ಪಾಲಿಗೂ ಎರಡೆರಡು ಕೋಟಿ ರೂಪಾಯಿ ತೆರಿಗೆ ಬಂತು. ತೆಂಗಿನ ತಿಪಟೂರಿನ ಒಟ್ಟು ಆದಾಯ ನೂರು ಕೋಟಿ, ಮಳೆಯನ್ನೇ ಕಾಣದ ಪಾವಗಡದ್ದು ಇಪ್ಪತ್ತು ಕೋಟಿ ಎಂದಾದರೆ, ತಿಪಟೂರಿನವನು ನೂರಕ್ಕೆ ಎರಡು ರೂಪಾಯಿ ಕಟ್ಟಿ ಕೈತೊಳೆದುಕೊಳ್ಳುತ್ತಾನೆ, ಪಾವಗಡದವನು ನೂರಕ್ಕೆ ಹತ್ತು ಕಟ್ಟಬೇಕಾಗುತ್ತದೆ. ಬಡ ರಾಜ್ಯದವನಿಗೆ ಹೆಚ್ಚು ದರ ಬೀಳುವ ಇಂಥ ಆದಾಯ ತೆರಿಗೆಯನ್ನು ಯಾವ ಸರ್ಕಾರವೂ ಜಾರಿ ಮಾಡಲಾರದು. ಹಾಗಾಗಿ ಆದಾಯ ತೆರಿಗೆ ‘ನೇರ’ ಎಂದು ತೀರ್ಮಾನವಾದರೆ ಅದು ಕಾಗದದ ಮೇಲೆ ಉಳಿದು ವ್ಯವಹಾರದಲ್ಲಿ ಸತ್ತಂತೆಯೇ.

ಅಂತರ್ಯುದ್ಧದ ಖರ್ಚಿಗೆಂದು 1861ರಲ್ಲಿ ಮೊದಲ ಬಾರಿಗೆ ಆದಾಯ ತೆರಿಗೆ ಬಂದು 1872ರವರೆಗೆ ಇತ್ತು. ಅದು ಸಂವಿಧಾನಬದ್ಧವೆಂದು 1881ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1894ರಲ್ಲಿ ಕಾಂಗ್ರೆಸ್ಸು ಮತ್ತೆ, ವರ್ಷಕ್ಕೆ 4,000 ಡಾಲರ್ ಮೀರಿದ ಆದಾಯಕ್ಕೆ ಶೇ 2ರ ತೆರಿಗೆ ಹಾಕಿತು. ಮರುವರ್ಷವೇ ಪೊಲಾಕ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಐವರು ನಾಲ್ವರ ಅಂತರದಲ್ಲಿ ಅದನ್ನು ರದ್ದುಪಡಿಸಿತು. ತೆರಿಗೆ ವಿರೋಧಿಗಳು ಇಂದಿಗೂ ಪಟಾಕಿ ಹೊಡೆದು ಸಂಭ್ರಮಿಸುವ ತೀರ್ಪು ಇದು. ಆದರೆ ಅದರಲ್ಲಿ ಏನು ಹೇಳಿದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಜಮೀನಿನ ಬಾಡಿಗೆ, ಬಡ್ಡಿ, ಡಿವಿಡೆಂಡ್ ಮುಂತಾಗಿ ಆಸ್ತಿಯಿಂದ ಬರುವ ಆದಾಯದ ಮೇಲಿನ ತೆರಿಗೆ ಆ ಆಸ್ತಿಯ ಮೇಲಿನ ನೇರ ತೆರಿಗೆಯೇ ಆಗುತ್ತದೆ ಎಂದು ಕೋರ್ಟ್ ಹೇಳಿತು. ಸಂಬಳ, ವೃತ್ತಿ, ವ್ಯಾಪಾರದ ಆದಾಯಕ್ಕೆ ತೆರಿಗೆ ಹಾಕುವುದನ್ನು ಅದು ತಪ್ಪೆನ್ನಲಿಲ್ಲ. ಆಸ್ತಿವಂತರ ಭಾಗ ಬಿದ್ದುಹೋದ ಮೇಲೆ ಉಳಿಯುವುದು ಬರೀ ದುಡಿಮೆಗಾರರ ಮೇಲಿನ ತೆರಿಗೆಯಾಗುತ್ತದೆ, ಕಾಂಗ್ರೆಸ್ಸಿನ ಉದ್ದೇಶ ಅದಾಗಿರಲಾರದು ಎಂಬ ಕಾರಣಕ್ಕೆ ಇಡೀ ತೆರಿಗೆಯನ್ನೇ ತೆಗೆದುಹಾಕಿತು. ಅಂದರೆ ಪೊಲಾಕ್ ತೀರ್ಪು ಇಂದಿಗೂ ಜಾರಿಯಲ್ಲಿದೆ ಎಂದೇ ಇಟ್ಟುಕೊಂಡರೂ, ತಿಂಗಳ ಸಂಬಳ ಎಣಿಸುವ ಸಾಫ್ಟ್‌ವೇರ್ ಉದ್ಯೋಗಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ವಿಡಿಯೊಗಳಲ್ಲಿ ಈ ಮಾತು ಬರುವುದನ್ನು ನಾನಂತೂ ಕಂಡಿಲ್ಲ.

ಪೊಲಾಕ್ ತೀರ್ಪಿನ ತೊಡಕನ್ನು ಬಿಡಿಸಲು ಬಂದದ್ದು 16ನೇ ತಿದ್ದುಪಡಿ. ಆದಾಯ ಯಾವ ಮೂಲದಿಂದ ಬಂದಿದ್ದರೂ ಸರಿ, ರಾಜ್ಯಗಳಿಗೆ ಹಂಚದೆ, ಜನಗಣತಿಯನ್ನು ಲೆಕ್ಕಿಸದೆ ಅದರ ಮೇಲೆ ತೆರಿಗೆ ಹಾಕಿ ವಸೂಲು ಮಾಡುವ ಅಧಿಕಾರ ಕಾಂಗ್ರೆಸ್ಸಿಗಿದೆ ಎಂಬುದು ಅದರ ಸಾರ. ಇಡೀ ತಿದ್ದುಪಡಿ ಒಂದೇ ವಾಕ್ಯ. ಕಾಂಗ್ರೆಸ್ಸು ಅದನ್ನು 1909ರಲ್ಲಿ ರಾಜ್ಯಗಳ ಮುಂದಿಟ್ಟಿತು. ಆಗಿನ ವಿದೇಶಾಂಗ ಕಾರ್ಯದರ್ಶಿ ಫಿಲ್ಯಾಂಡರ್ ನಾಕ್ಸ್, 38 ರಾಜ್ಯಗಳು ಒಪ್ಪಿವೆಯೆಂದು 1913ರ ಫೆಬ್ರುವರಿ 25ರಂದು ಘೋಷಿಸಿದರು. ಇದ್ದ 48 ರಾಜ್ಯಗಳಲ್ಲಿ ಬೇಕಾಗಿದ್ದದ್ದು 36.

ಇದರ ವಿರುದ್ಧ ಎದ್ದ ವಾದ ನನಗೆ ವೃತ್ತಿಯ ಕಾರಣಕ್ಕೆ ಬಹಳ ಸ್ವಾರಸ್ಯಕರವಾಗಿ ಕಂಡಿತು. 1980ರ ದಶಕದಲ್ಲಿ ಕೆಲವರು ರಾಜ್ಯ ರಾಜ್ಯಗಳ ದಾಖಲೆ ಭಂಡಾರಗಳನ್ನು ಸುತ್ತಿ, ಒಪ್ಪಿಗೆಯ ಪತ್ರಗಳನ್ನು ಒಂದೊಂದಾಗಿ ತೆಗೆಸಿ ನೋಡಿ, ತಿದ್ದುಪಡಿ ಸಿಂಧುವಾಗಿ ಅಂಗೀಕಾರವಾಗಿಯೇ ಇಲ್ಲ ಎಂದರು. ಅವರಿಗೆ ಸಿಕ್ಕ ತಪ್ಪುಗಳು ನಿಜವಾದವು. ಇಲಿನಾಯ್ ರಾಜ್ಯದ ಪತ್ರದಲ್ಲಿ ಜನಗಣತಿ ಎಂಬರ್ಥದ ‘ಎನ್ಯೂಮರೇಷನ್’ ಇರಬೇಕಾದ ಕಡೆ ಸಂಭಾವನೆ ಎಂಬರ್ಥದ ‘ರೆಮ್ಯುನರೇಷನ್’ ಬಿದ್ದಿತ್ತು. ವಾಷಿಂಗ್ಟನ್ ರಾಜ್ಯದವರು ‘ಇನ್‌ಕಮ್ಸ್’ ಎಂಬ ಬಹುವಚನವನ್ನು ಏಕವಚನ ಮಾಡಿದ್ದರು. ಮಿಸೌರಿಯ ಪತ್ರದಲ್ಲಿ ‘ಲೇ’ ಎಂಬಲ್ಲಿ ‘ಲೆವಿ’ ಇತ್ತು. ಅನೇಕರು ದೊಡ್ಡಕ್ಷರ ಬರೆಯಬೇಕಾದಲ್ಲಿ ಚಿಕ್ಕಕ್ಷರ ಬರೆದಿದ್ದರು. ಕಾಂಗ್ರೆಸ್ಸು ಕಳುಹಿಸಿದ ವಾಕ್ಯವನ್ನು ಒಂದಕ್ಷರವೂ ತಪ್ಪಿಲ್ಲದೆ ನಕಲು ಮಾಡಿದ್ದ ಪತ್ರಗಳು ನಾಲ್ಕೇ ನಾಲ್ಕು.

1986ರಲ್ಲಿ ಥಾಮಸ್ ಪ್ರಕರಣದಲ್ಲಿ ಷಿಕಾಗೊದ ಮೇಲ್ಮನವಿ ನ್ಯಾಯಾಲಯ ಇದಕ್ಕೆ ಕೊಟ್ಟ ಉತ್ತರ ಸರಳ. ನೀವು ಹೊಸದಾಗಿ ಏನನ್ನೂ ಪತ್ತೆ ಮಾಡಿಲ್ಲ. ಈ ತಪ್ಪುಗಳನ್ನೆಲ್ಲ 1913ರಲ್ಲಿಯೇ ಇಲಾಖೆಯ ಕಾನೂನು ಅಧಿಕಾರಿ ಪಟ್ಟಿ ಮಾಡಿ ನಾಕ್ಸ್ ಅವರ ಮುಂದಿಟ್ಟಿದ್ದ. ಹಿಂದಿನ ತಿದ್ದುಪಡಿಗಳಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸಗಳಿದ್ದರೂ ಅವು ಅಂಗೀಕಾರವಾಗಿದ್ದವು, ಇವಾದರೋ ಕ್ಷುಲ್ಲಕ ಎಂದು ತಿಳಿಸಿದ್ದ; ಅದನ್ನು ಪರಿಶೀಲಿಸಿಯೇ ಘೋಷಣೆ ಹೊರಟಿತ್ತು. ನಮ್ಮ ಪಹಣಿಗಳಲ್ಲಿ ಸಿದ್ಧಲಿಂಗಯ್ಯನ ಮಹಾಪ್ರಾಣ ಹೋಗಿ ಸಿದ್ದಲಿಂಗಯ್ಯನಾಗಿರುವುದು ಎಷ್ಟಿಲ್ಲ? ತಿದ್ದಿಸಲು ನಾಡಕಚೇರಿಗೆ ಅಲೆಯಬೇಕಾದೀತು, ಆಧಾರ್ ಜೋಡಣೆಗೆ ತೊಂದರೆಯಾದೀತು. ಆದರೆ ಆ ಒತ್ತಕ್ಷರದ ನೆಪದಲ್ಲಿ ಅವನ ತೋಟ ಅವನದಲ್ಲ ಎಂದು ಯಾವ ತಹಶೀಲ್ದಾರರೂ ಬರೆಯುವುದಿಲ್ಲ.

ಇದರದೇ ತಮ್ಮನಂಥ ಇನ್ನೊಂದು ವಾದ ಓಹಿಯೊ ರಾಜ್ಯದ್ದು. ಓಹಿಯೊ 1803ರಲ್ಲಿ ಒಕ್ಕೂಟಕ್ಕೆ ಸೇರಿದಾಗ ಕಾಂಗ್ರೆಸ್ಸು ವಿಧಿವತ್ತಾದ ಒಂದು ನಿರ್ಣಯ ಮಾಡಲು ಮರೆತಿತ್ತು; 150 ವರ್ಷದ ನಂತರ, 1953ರಲ್ಲಿ, ಪೂರ್ವಾನ್ವಯವಾಗಿ ಅದನ್ನು ಮಾಡಲಾಯಿತು. ಆದ್ದರಿಂದ 1913ರಲ್ಲಿ ಓಹಿಯೊ ರಾಜ್ಯವೇ ಆಗಿರಲಿಲ್ಲ, ಅಲ್ಲಿ ಹುಟ್ಟಿದ ಟ್ಯಾಫ್ಟ್ ಅಧ್ಯಕ್ಷನೂ ಆಗಿರಲಿಲ್ಲ, ತಿದ್ದುಪಡಿಯೂ ಇಲ್ಲ ಎನ್ನುತ್ತಾರೆ. 38ರಲ್ಲಿ ಒಂದನ್ನು ಕಳೆದರೆ 37, ಬೇಕಾದದ್ದು 36. ಜೊತೆಗೆ ಸಂವಿಧಾನ ತಿದ್ದುಪಡಿಗೆ ಅಲ್ಲಿ ಅಧ್ಯಕ್ಷರ ಸಹಿಯೇ ಬೇಕಿಲ್ಲ. ಇದಕ್ಕಿಂತ ಹೆಚ್ಚು ಹೊತ್ತು ಈ ವಾದದ ಮೇಲೆ ಕಳೆಯುವ ಅಗತ್ಯವಿಲ್ಲ.

ಸಂಬಳ ಆದಾಯವೇ ಅಲ್ಲ ಎಂಬ ವಾದಕ್ಕೆ ಅನುಯಾಯಿಗಳು ಹೆಚ್ಚು. ನಾನು ನನ್ನ ದುಡಿಮೆ ಕೊಟ್ಟೆ, ಧಣಿ ಅದರ ಬೆಲೆ ಕೊಟ್ಟ. ಸಮಕ್ಕೆ ಸಮ ವಿನಿಮಯವಾಯಿತು, ಲಾಭ ಎಲ್ಲಿಂದ ಬಂತು ಎಂಬುದು ಇದರ ತರ್ಕ. ಇದಕ್ಕೆ ಆಧಾರವಾಗಿ 1920ರ ಐಸ್ನರ್ ಪ್ರಕರಣವನ್ನು ತೋರಿಸುತ್ತಾರೆ. ಆ ತೀರ್ಪಿನಲ್ಲಿಯೇ ಬಂಡವಾಳದಿಂದ, ದುಡಿಮೆಯಿಂದ ಅಥವಾ ಎರಡರಿಂದಲೂ ಹುಟ್ಟುವ ಗಳಿಕೆಯೇ ಆದಾಯ ಎಂದು ಬರೆದಿದೆ. ‘ದುಡಿಮೆಯಿಂದ’ ಎಂಬುದನ್ನು ನುಂಗಿ ಉಳಿದದ್ದನ್ನು ಓದುವುದು ಹೇಗೋ ನನಗೆ ಅರ್ಥವಾಗಿಲ್ಲ. ಅಲ್ಲಿನ ತೆರಿಗೆ ಸಂಹಿತೆಯ 61ನೇ ಸೆಕ್ಷನ್ನಂತೂ ಸೇವೆಗೆ ಸಿಗುವ ಸಂಭಾವನೆಯನ್ನು ಆದಾಯದ ಪಟ್ಟಿಯಲ್ಲಿ ಮೊದಲಿಗೇ ಇಟ್ಟಿದೆ. ತೆರಿಗೆ ಕಟ್ಟುವುದು ಗುಲಾಮಗಿರಿ, ಅದನ್ನು 13ನೇ ತಿದ್ದುಪಡಿ ನಿಷೇಧಿಸಿದೆ ಎಂಬ ವಾದವನ್ನು ನಿಜವಾದ ಗುಲಾಮಗಿರಿ ಅನುಭವಿಸಿದವರ ಮೊಮ್ಮಕ್ಕಳ ಮುಂದೆ ಹೇಳುವ ಧೈರ್ಯ ಯಾರಿಗಾದರೂ ಇದೆಯೋ ಇಲ್ಲವೋ. ರಿಟರ್ನ್ಸ್ ಹಾಕುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ, 5ನೇ ತಿದ್ದುಪಡಿ ಅದರಿಂದ ರಕ್ಷಣೆ ಕೊಡುತ್ತದೆ ಎಂಬುದನ್ನು 1927ರಲ್ಲಿಯೇ ಸುಪ್ರೀಂ ಕೋರ್ಟ್ ತಳ್ಳಿಹಾಕಿತು: ಅಕ್ರಮ ಮದ್ಯ ಮಾರಿದವನೂ ರಿಟರ್ನ್ಸ್ ಹಾಕಬೇಕು, ಯಾವುದೋ ಒಂದು ಪ್ರಶ್ನೆಗೆ ಉತ್ತರಿಸಿದರೆ ಅಪಾಯವೆನಿಸಿದರೆ ಆ ಪ್ರಶ್ನೆಯ ಮಟ್ಟಿಗೆ ಮಾತ್ರ ಆಕ್ಷೇಪ ಎತ್ತಬಹುದು.

ಈಗ ಅಕ್ಕನ ಮಗ ಕೇಳಿದ ಪ್ರಶ್ನೆಗೆ ಬರುತ್ತೇನೆ. ‘ಅಮೆರಿಕದ ಆದಾಯ ತೆರಿಗೆ ಸ್ವಯಂಪ್ರೇರಿತ, ಇಷ್ಟವಿದ್ದರೆ ಕಟ್ಟಿ ಎಂದು ಸುಪ್ರೀಂ ಕೋರ್ಟೇ ಹೇಳಿದೆ’ ಎಂಬುದು ಆ ವಿಡಿಯೊದ ಜೀವಾಳವಾಗಿತ್ತು. ಹೇಳಿಕೆಯ ಮೂಲ 1960ರ ಫ್ಲೋರಾ ಪ್ರಕರಣ. ನಮ್ಮ ತೆರಿಗೆ ಪದ್ಧತಿ ಜಪ್ತಿಯ ಮೇಲೆ ನಿಂತದ್ದಲ್ಲ, ಸ್ವಯಂಪ್ರೇರಿತ ನಿರ್ಧರಣೆ ಮತ್ತು ಪಾವತಿಯ ಮೇಲೆ ನಿಂತದ್ದು ಎಂಬರ್ಥದ ವಾಕ್ಯ ಅದರಲ್ಲಿ ಖಂಡಿತವಾಗಿಯೂ ಇದೆ. ಅದರ ಅರ್ಥ, ಅಧಿಕಾರಿ ಮನೆಗೆ ಬಂದು ಕಪಾಟು ತೆಗೆಸಿ ತೆರಿಗೆ ನಿಗದಿ ಮಾಡುವ ಬದಲು ಪ್ರಜೆಯೇ ತನ್ನ ಲೆಕ್ಕ ತಾನು ಹಾಕಿ ಕಟ್ಟುತ್ತಾನೆ ಎಂಬುದು ಮಾತ್ರ. ನಮ್ಮಲ್ಲಿಯೂ ರಿಟರ್ನ್ಸ್ ಹಾಕುವ ಮುನ್ನ ಬಾಕಿ ಕಟ್ಟುವ ಚಲನ್ ಮೇಲೆ ‘ಸ್ವಯಂ ನಿರ್ಧರಣಾ ತೆರಿಗೆ’ ಎಂದೇ ಇರುತ್ತದೆ. ಅದನ್ನು ಓದಿ ‘ಹಾಗಾದರೆ ನಾನು ಸೊನ್ನೆ ಎಂದು ನಿರ್ಧರಿಸಿದ್ದೇನೆ’ ಎಂದ ವ್ಯಾಪಾರಿಯನ್ನು ನಾನಿನ್ನೂ ನೋಡಿಲ್ಲ.

ಫ್ಲೋರಾ ಪ್ರಕರಣದ ಕಥೆ ಇನ್ನೂ ಚೆನ್ನಾಗಿದೆ. ಫ್ಲೋರಾ ಎಂಬಾತನ ಮೇಲೆ ಇಲಾಖೆ 28 ಸಾವಿರ ಚಿಲ್ಲರೆ ಡಾಲರ್ ಬಾಕಿ ಹೊರಿಸಿತ್ತು. ಆತ 5 ಸಾವಿರ ಚಿಲ್ಲರೆ ಕಟ್ಟಿ, ಅಷ್ಟನ್ನು ವಾಪಸ್ ಕೊಡಿಸಿ ಎಂದು ಜಿಲ್ಲಾ ನ್ಯಾಯಾಲಯಕ್ಕೆ ಹೋದ. ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೇನೆಂದರೆ, ಆ ನ್ಯಾಯಾಲಯದಲ್ಲಿ ಮರುಪಾವತಿಯ ದಾವೆ ಹೂಡಬೇಕಾದರೆ ಮೊದಲು ಪೂರ್ತಿ ಬಾಕಿ ಕಟ್ಟಿರಲೇಬೇಕು. ‘ಮೊದಲು ಎಲ್ಲವನ್ನೂ ಕಟ್ಟು, ಆಮೇಲೆ ಜಗಳವಾಡು’ ಎಂದ ತೀರ್ಪಿನಿಂದ ಒಂದು ವಾಕ್ಯ ಕಿತ್ತು ‘ಕಟ್ಟಬೇಕಿಲ್ಲ’ ಎಂಬುದಕ್ಕೆ ಆಧಾರ ಮಾಡಿಕೊಂಡಿದ್ದಾರೆ. ಕಟ್ಟದೆಯೇ ತಕರಾರು ಎತ್ತುವ ದಾರಿಯೂ ಅಲ್ಲಿ ಉಂಟು: ಬಾಕಿಯ ನೋಟಿಸ್ ಬಂದ 90 ದಿನಗಳೊಳಗೆ ತೆರಿಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ನಮ್ಮಲ್ಲಿ ಮೇಲ್ಮನವಿ ಹಾಕಿ, ವಿವಾದದ ಮೊತ್ತದಲ್ಲಿ ಸಾಮಾನ್ಯವಾಗಿ ಶೇ 20ರಷ್ಟು ಕಟ್ಟಿ ಉಳಿದದ್ದಕ್ಕೆ ತಡೆ ಪಡೆಯುವ ಪದ್ಧತಿಗೆ ಹೋಲಿಸಿದರೆ ಅಲ್ಲಿನ ತೆರಿಗೆ ನ್ಯಾಯಾಲಯ ಉದಾರಿಯೆಂದೇ ಹೇಳಬೇಕು.

‘ಕಾನೂನು ತೋರಿಸಿ’ ಎಂಬ ಸವಾಲಿಗೂ ಒಂದು ಇತಿಹಾಸವಿದೆ. ಈ ಚಳವಳಿಯ ಪ್ರಸಿದ್ಧ ಮುಖವಾಗಿದ್ದ ಅರ್ವಿನ್ ಷಿಫ್, 1983ರಲ್ಲಿ ಟಿ.ವಿ. ಕಾರ್ಯಕ್ರಮವೊಂದರ ನೇರ ಪ್ರಸಾರದಲ್ಲಿ ಕುಳಿತು, ಆದಾಯ ತೆರಿಗೆ ಕಟ್ಟಲೇಬೇಕೆಂದು ಹೇಳುವ ಸೆಕ್ಷನ್ನನ್ನು ಈಗ ಫೋನ್ ಮಾಡಿ ಹೇಳಿದವರಿಗೆ 1 ಲಕ್ಷ ಡಾಲರ್ ಕೊಡುತ್ತೇನೆಂದ. ಮರುದಿನ ಬೆಳಿಗ್ಗೆ ಅದರ ತುಣುಕಿನ ಮರುಪ್ರಸಾರ ನೋಡಿದ ವಕೀಲನೊಬ್ಬ ಸೆಕ್ಷನ್ನುಗಳ ಪಟ್ಟಿಯನ್ನೇ ಕಳುಹಿಸಿ ಹಣ ಕೇಳಿದ. ಕೊಡದಿದ್ದಾಗ ಕೋರ್ಟಿಗೆ ಹೋದ. ಸವಾಲು ನೇರ ಪ್ರಸಾರ ಮುಗಿಯುವವರೆಗೆ ಮಾತ್ರ ಊರ್ಜಿತವಾಗಿತ್ತು ಎಂಬ ಕರಾರು ಕಾನೂನಿನ ಕಾರಣದಿಂದ ವಕೀಲನಿಗೆ ಹಣ ಸಿಗಲಿಲ್ಲ. ಸೆಕ್ಷನ್ನುಗಳು ಮಾತ್ರ ಅಲ್ಲಿಯೇ ಇದ್ದವು, ಇಂದಿಗೂ ಇವೆ: 1ನೇ ಸೆಕ್ಷನ್ ತೆರಿಗೆ ವಿಧಿಸುತ್ತದೆ, 6012 ರಿಟರ್ನ್ಸ್ ಹಾಕಬೇಕೆನ್ನುತ್ತದೆ, 6151 ಹಣ ಕಟ್ಟಬೇಕೆನ್ನುತ್ತದೆ, 7203 ಬೇಕೆಂದೇ ತಪ್ಪಿಸಿದವನಿಗೆ ಒಂದು ವರ್ಷದವರೆಗೆ ಜೈಲು ಎನ್ನುತ್ತದೆ. ಷಿಫ್ 2015ರಲ್ಲಿ ತೆರಿಗೆ ಅಪರಾಧದ ಶಿಕ್ಷೆ ಅನುಭವಿಸುತ್ತಿರುವಾಗಲೇ ತೀರಿಕೊಂಡ. ಅಷ್ಟು ವಯಸ್ಸಾದ ಮನುಷ್ಯ ಜೈಲಿನಲ್ಲಿ ಸಾಯಬೇಕಾಗಿತ್ತೇ ಎಂದು ಕೇಳಿದರೆ ನನ್ನ ಮನಸ್ಸೂ ಅಳುಕುತ್ತದೆ. ಆದರೆ ಅವನ ಮಾತು ನಂಬಿ ತೆರಿಗೆ ನಿಲ್ಲಿಸಿದವರ ಸಂಸಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ.

ಎಲ್ಲಕ್ಕಿಂತ ವಿಚಿತ್ರವಾದದ್ದು ಚೀಕ್ ಎಂಬ ವಿಮಾನ ಪೈಲಟ್‌ನ ಪ್ರಕರಣ. ಆತ ಇಂಥ ಪಾಠಗಳನ್ನು ಹೇಳಿಕೊಡುವ ಗುಂಪಿನ ಸಭೆಗಳಿಗೆ ಹೋಗಿ, 1980ರಿಂದ ರಿಟರ್ನ್ಸ್ ಹಾಕುವುದನ್ನೇ ನಿಲ್ಲಿಸಿದ. 1991ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಬದಿಗಿರಿಸಿ ಮರುವಿಚಾರಣೆಗೆ ಕಳುಹಿಸಿದಾಗ, ‘ಗೆದ್ದೆವು’ ಎಂದು ಅನೇಕರು ಕುಣಿದಾಡಿದರು. ಕೋರ್ಟ್ ಹೇಳಿದ್ದಿಷ್ಟೇ: ಸಂಬಳ ಆದಾಯವಲ್ಲ ಎಂದು ಒಬ್ಬ ಪ್ರಾಮಾಣಿಕವಾಗಿ ನಂಬಿದ್ದರೆ, ಆ ನಂಬಿಕೆ ಎಷ್ಟೇ ಅಸಂಗತವಾಗಿದ್ದರೂ, ಬೇಕೆಂದೇ ಅಪರಾಧ ಮಾಡಿದ ಎನ್ನಲು ಬರುವುದಿಲ್ಲ, ಅದು ನಿಜವಾದ ನಂಬಿಕೆಯೋ ನೆಪವೋ ಎಂದು ಜ್ಯೂರಿ ತೀರ್ಮಾನಿಸಲಿ. ಆದರೆ ‘ತೆರಿಗೆ ಕಾನೂನು ಸಂವಿಧಾನಬಾಹಿರ’ ಎಂಬ ವಾದಕ್ಕೆ ಈ ರಿಯಾಯಿತಿ ಇಲ್ಲ. ಹಾಗೆ ವಾದಿಸುವವನಿಗೆ ಕಾನೂನು ಏನು ಹೇಳುತ್ತದೆಂದು ಚೆನ್ನಾಗಿ ಗೊತ್ತಿದೆ, ಅಭ್ಯಾಸ ಮಾಡಿಯೇ ಅದು ತನಗೆ ಒಪ್ಪಿಗೆಯಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಾನೆ. ಕಾನೂನು ಗೊತ್ತಿಲ್ಲದ ದಡ್ಡನಿಗಾದರೂ ಕ್ಷಮೆ ಸಿಗಬಹುದು, ಸಂವಿಧಾನ ಓದಿ ತೆರಿಗೆ ಬಿಟ್ಟ ಪಂಡಿತನಿಗೆ ಅವನ ಪಾಂಡಿತ್ಯವೇ ಸಾಕ್ಷಿಯಾಗುತ್ತದೆ. ಮರುವಿಚಾರಣೆಯಲ್ಲಿ ಚೀಕ್‌ಗೆ ಮತ್ತೆ ಶಿಕ್ಷೆಯಾಯಿತು. ವಿಡಿಯೊ ಮಾಡುವವರು ಈ ಪ್ರಕರಣದ ಮೊದಲ ಅರ್ಧವನ್ನು ಮಾತ್ರ ಹೇಳುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ, ಆದಾಯ ತೆರಿಗೆಯ ಬಗ್ಗೆ ಸಂವಿಧಾನದ ಪ್ರಶ್ನೆಗಳೆಲ್ಲ ಮುಗಿದುಹೋಗಿವೆ ಎಂದು ಯಾರಾದರೂ ತಿಳಿದರೆ ಅದೂ ತಪ್ಪು. ಗಂಭೀರವಾದ ಪ್ರಶ್ನೆಯೊಂದು ಇತ್ತೀಚೆಗೆ, 2024ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅದರ ಬೇರು ಇರುವುದು ನಮ್ಮ ಪಕ್ಕದ ಬೆಂಗಳೂರಿನಲ್ಲಿ. ಸಣ್ಣ ರೈತರಿಗೆ ಕಳೆ ತೆಗೆಯುವ, ಉಳುವ ಸಣ್ಣ ಯಂತ್ರಗಳನ್ನು ಒದಗಿಸುವ ಕಿಸಾನ್‌ಕ್ರಾಫ್ಟ್ ಎಂಬ ಬೆಂಗಳೂರಿನ ಕಂಪನಿಯಲ್ಲಿ ವಾಷಿಂಗ್ಟನ್ ರಾಜ್ಯದ ಮೂರ್ ದಂಪತಿ 2006ರಲ್ಲಿ 40,000 ಡಾಲರ್ ಹಾಕಿ ಸುಮಾರು ಶೇ 13ರಷ್ಟು ಷೇರು ಪಡೆದಿದ್ದರು. ಕಂಪನಿಗೆ ಲಾಭ ಬಂತು, ಆದರೆ ಅದನ್ನು ಹಂಚದೆ ವ್ಯಾಪಾರಕ್ಕೇ ಮತ್ತೆ ತೊಡಗಿಸಿದರು. ಮೂರ್ ದಂಪತಿಗೆ ಅದರಿಂದ ಡಿವಿಡೆಂಡ್ ಎಂದು ಕೈಗೆ ಬಿಡಿಗಾಸೂ ಬರಲಿಲ್ಲ. 2017ರಲ್ಲಿ ಕಾಂಗ್ರೆಸ್ಸು, ಅಮೆರಿಕನ್ನರ ಹಿಡಿತದಲ್ಲಿರುವ ವಿದೇಶಿ ಕಂಪನಿಗಳಲ್ಲಿ ಹಂಚದೆ ಉಳಿದ ಹಳೆಯ ಲಾಭಕ್ಕೆ ಷೇರುದಾರರೇ ಒಂದು ಬಾರಿಯ ತೆರಿಗೆ ಕಟ್ಟಬೇಕೆಂದಿತು. ದಂಪತಿಯ ಪಾಲಿಗೆ ಬಂದದ್ದು 14,729 ಡಾಲರ್.

ಕೈಗೆ ಬಾರದ ಹಣ ನನ್ನ ಆದಾಯ ಹೇಗಾಗುತ್ತದೆ, 16ನೇ ತಿದ್ದುಪಡಿಯ ‘ಆದಾಯ’ದ ವ್ಯಾಪ್ತಿಗೆ ಅದು ಬರುತ್ತದೆಯೇ, ಬರದಿದ್ದರೆ ಇದು ಹಂಚಿ ವಸೂಲು ಮಾಡಬೇಕಾದ ನೇರ ತೆರಿಗೆಯಲ್ಲವೇ? ಪ್ರಶ್ನೆ ನಿಜಕ್ಕೂ ತೂಕದ್ದು. ಪೊಲಾಕ್ ಕಾಲದ ಚರ್ಚೆ 130 ವರ್ಷಗಳ ನಂತರ ಮತ್ತೆ ಜೀವಂತವಾಯಿತು. ಗುಬ್ಬಿ ಕಡೆಯ ಅಡಿಕೆ ತೋಟಗಳಲ್ಲಿ ಬೆನ್ನಿಗೆ ಕಟ್ಟಿಕೊಂಡು ಗರಗರ ಸದ್ದು ಮಾಡುತ್ತಾ ಹುಲ್ಲು ಕತ್ತರಿಸುವ ಯಂತ್ರಗಳನ್ನು ನೋಡುವಾಗ, ಇಂಥ ಯಂತ್ರಗಳ ಲಾಭದ ಮೇಲೆ ಅಮೆರಿಕದ ಸಂವಿಧಾನದ ಅರ್ಥ ನಿರ್ಧಾರವಾಯಿತಲ್ಲ ಎಂದು ನನಗೆ ಒಳಗೊಳಗೇ ನಗು ಬರುತ್ತದೆ. ಜೂನ್ 20ರಂದು ಏಳು ಎರಡರ ಬಹುಮತದ ತೀರ್ಪು ಸರ್ಕಾರದ ಪರವಾಗಿ ಬಂತು: ಕಂಪನಿ ಗಳಿಸಿದ ಲಾಭ ನಿಜವಾದ ಲಾಭವೇ, ಅದನ್ನು ಷೇರುದಾರರ ಲೆಕ್ಕಕ್ಕೆ ಸೇರಿಸಿ ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್ಸಿಗಿದೆ. ಯಾರೂ ಇನ್ನೂ ಗಳಿಸದ, ಬರೀ ಬೆಲೆ ಏರಿದ ಆಸ್ತಿಗೆ ತೆರಿಗೆ ಹಾಕಬಹುದೇ ಎಂಬುದನ್ನು ಬೇಕೆಂದೇ ಮುಟ್ಟದೆ ಬಿಟ್ಟಿತು.

ಮೂರ್ ದಂಪತಿ ಏನು ಮಾಡಿದರು ಎಂಬುದನ್ನು ನಾನು ಅಕ್ಕನ ಮಗನಿಗೆ ಒತ್ತಿ ಹೇಳಿದೆ. ಅವರು 14,729 ಡಾಲರನ್ನು ಮೊದಲು ಕಟ್ಟಿದರು, ಆಮೇಲೆ ವಾಪಸ್ ಕೇಳಿ ದಾವೆ ಹೂಡಿದರು. ಸೋತರು; ಆದರೆ ಯಾರೂ ಅವರನ್ನು ಜೈಲಿಗೆ ಕಳುಹಿಸಲಿಲ್ಲ, ದೇಶದ ಹೆಸರಾಂತ ವಕೀಲರು ಎರಡೂ ಕಡೆ ನಿಂತು ವಾದಿಸಿದರು, ಒಂಬತ್ತು ನ್ಯಾಯಮೂರ್ತಿಗಳು ಕೂತು ಕೇಳಿದರು. 1895ರ ಪೊಲಾಕ್, 1916ರಲ್ಲಿ 16ನೇ ತಿದ್ದುಪಡಿಯ ತೆರಿಗೆಯನ್ನು ಎತ್ತಿಹಿಡಿದ ಬ್ರಷಾಬರ್ ಪ್ರಕರಣ ಇವೆರಡರಲ್ಲೂ ಷೇರುದಾರರು ತಮ್ಮ ಕಂಪನಿ ಈ ತೆರಿಗೆ ಕಟ್ಟಬಾರದೆಂದು ಕೋರ್ಟಿನ ಬಾಗಿಲು ತಟ್ಟಿದ್ದರು. ತಕರಾರನ್ನು ನ್ಯಾಯಾಧೀಶರ ಮುಂದೆ ಇಟ್ಟವರಿಗೂ, ತಾವೇ ನ್ಯಾಯಾಧೀಶರಾಗಿ ರಿಟರ್ನ್ಸ್ ಹಾಕುವುದನ್ನು ನಿಲ್ಲಿಸಿದವರಿಗೂ ಇರುವ ದೂರ ಇದು. ಎರಡನೆಯವರಿಗಾಗಿ ಅಮೆರಿಕದ ಕಾನೂನಿನಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದೆ: ಹುರುಳಿಲ್ಲದ ವಾದ ಬರೆದು ರಿಟರ್ನ್ಸ್ ಕಳುಹಿಸಿದರೆ 5,000 ಡಾಲರ್ ದಂಡ, ಅದೇ ವಾದವನ್ನು ತೆರಿಗೆ ನ್ಯಾಯಾಲಯಕ್ಕೆ ಹೊತ್ತುಕೊಂಡು ಹೋದರೆ 25,000 ಡಾಲರ್‌ವರೆಗೆ ದಂಡ. ಇಂಥ ವಾದಗಳನ್ನು ಗಂಭೀರವಾಗಿ ಖಂಡಿಸುತ್ತಾ ಕುಳಿತರೆ ಅವುಗಳಲ್ಲಿ ಏನೋ ಹುರುಳಿದೆಯೆಂಬ ಭಾವನೆ ಹುಟ್ಟೀತು ಎಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಬರೆದುಬಿಟ್ಟಿತು.

ಧರ್ಮದ ಅಥವಾ ಆತ್ಮಸಾಕ್ಷಿಯ ಕಾರಣಕ್ಕೆ ಕಟ್ಟದವರನ್ನು ಈ ಸಾಲಿನಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. 1982ರಲ್ಲಿ ಅಮಿಷ್ ಪಂಥದ ರೈತನೊಬ್ಬ, ವೃದ್ಧರನ್ನು ನೋಡಿಕೊಳ್ಳುವುದು ನಮ್ಮ ಸಮುದಾಯದ ಧರ್ಮ, ಅದಕ್ಕೆಂದು ಸರ್ಕಾರಕ್ಕೆ ಸಾಮಾಜಿಕ ಭದ್ರತೆಯ ತೆರಿಗೆ ಕಟ್ಟುವುದು ನಮ್ಮ ನಂಬಿಕೆಗೆ ವಿರುದ್ಧ ಎಂದಾಗ, ಅವನ ನಂಬಿಕೆ ಪ್ರಾಮಾಣಿಕವೆಂದು ಕೋರ್ಟ್ ಒಪ್ಪಿಕೊಂಡೇ ತೆರಿಗೆ ಕಟ್ಟಬೇಕೆಂದಿತು. ನಮ್ಮ ನಾಡಿನಲ್ಲಿಯೇ 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರನಿರಾಕರಣೆ ಮಾಡಿ ಜಮೀನು ಕಳೆದುಕೊಂಡರು, ಜೈಲಿಗೆ ಹೋದರು. ಕಂದಾಯದ ಕಾನೂನು ತಮಗೆ ಅನ್ವಯಿಸುವುದಿಲ್ಲವೆಂದು ಅವರು ಸೆಕ್ಷನ್ ಹುಡುಕಲಿಲ್ಲ; ಅನ್ವಯಿಸುತ್ತದೆಂದು ಗೊತ್ತಿದ್ದೇ ಮುರಿದರು, ಅದರ ಬೆಲೆ ತೆತ್ತರು.

ಭಾರತದಲ್ಲಿ ಅಮೆರಿಕದ ಮಾದರಿಯ ವಾದ ಬೆಳೆಯದಿರಲು ಕಾರಣ ನಮ್ಮ ಜನ ಹೆಚ್ಚು ಶಿಸ್ತಿನವರು ಎಂಬುದಲ್ಲ. ನಮ್ಮ ಸಂವಿಧಾನ ಬರೆದವರು ಆ ಸಂದಿಗೆ ಜಾಗ ಬಿಡಲಿಲ್ಲ. ಕಾನೂನಿನ ಆಧಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಎಂದು 265ನೇ ವಿಧಿ ಹೇಳುತ್ತದೆ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 82ನೇ ನಮೂದು ಕೃಷಿಯೇತರ ಆದಾಯದ ತೆರಿಗೆಯನ್ನು ಕೇಂದ್ರಕ್ಕೂ, ರಾಜ್ಯ ಪಟ್ಟಿಯ 46ನೇ ನಮೂದು ಕೃಷಿ ಆದಾಯದ ತೆರಿಗೆಯನ್ನು ರಾಜ್ಯಕ್ಕೂ ಕೊಟ್ಟಿವೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಕೊಂಡು ಮಾರುವವನು ಕೇಂದ್ರಕ್ಕೆ ಲೆಕ್ಕ ಕೊಡಬೇಕು, ತೆಂಗು ಬೆಳೆದವನು ಕೊಡಬೇಕಿಲ್ಲ ಎಂಬ ಗೆರೆ ಎಳೆದದ್ದು ಅಲ್ಲಿಯೇ. ಹಾಗಾಗಿ ನಮ್ಮಲ್ಲಿ ವಾದ ಹುಟ್ಟುವುದು ಆ ಗೆರೆಯ ಆಚೀಚೆ ಮತ್ತು ಸಮಾನತೆಯ 14ನೇ ವಿಧಿಯ ಸುತ್ತ. 1961ರಲ್ಲಿ ಮೂಪಿಲ್ ನಾಯರ್ ಪ್ರಕರಣದಲ್ಲಿ, ಫಲವತ್ತಾದ ಗದ್ದೆಗೂ ಏನೂ ಹುಟ್ಟದ ಕಾಡಿಗೂ ಎಕರೆಗೆ ಒಂದೇ ದರ ಹಾಕಿದ್ದ ಕೇರಳದ ಭೂತೆರಿಗೆಯನ್ನು ನಮ್ಮ ಸುಪ್ರೀಂ ಕೋರ್ಟ್ ಅದೇ ವಿಧಿಯಡಿ ರದ್ದು ಮಾಡಿತು. ತೆರಿಗೆಯ ವಿರುದ್ಧ ಸಂವಿಧಾನವನ್ನು ಹಿಡಿದು ಗೆಲ್ಲುವುದು ಹೇಗೆ ಎಂಬುದಕ್ಕೆ ನನಗೆ ಬಲು ಇಷ್ಟವಾದ ತೀರ್ಪು ಅದು.

ನಮ್ಮ ಹುಡುಗರಿಗೆ ಒಂದು ಎಚ್ಚರಿಕೆ ಪ್ರತ್ಯೇಕವಾಗಿ ಹೇಳಲೇಬೇಕು. ಆ ವಿಡಿಯೊ ಮಾಡಿದವನು ಅಮೆರಿಕದ ಪ್ರಜೆ. ಸಿಕ್ಕಿಬಿದ್ದರೆ ಅವನಿಗೆ ದಂಡ, ಜೈಲು. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲೆ ಇರುವವನಿಗೆ ಅದರಾಚೆಗೂ ಒಂದಿದೆ. ಸುಳ್ಳು ರಿಟರ್ನ್ಸ್ ಹಾಕಿ ಸರ್ಕಾರಕ್ಕೆ 10,000 ಡಾಲರ್‌ಗಿಂತ ಹೆಚ್ಚು ನಷ್ಟ ಮಾಡಿದ ಅಪರಾಧ, ವಲಸೆ ಕಾನೂನಿನ ಪ್ರಕಾರ ದೇಶದಿಂದ ಹೊರಹಾಕಬಹುದಾದ ಗುರುತರ ಅಪರಾಧ ಎಂದು 2012ರ ಕವಾಷಿಮಾ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ. ಕವಾಷಿಮಾ ದಂಪತಿ ಕಾಯಂ ವಾಸದ ಹಕ್ಕು ಪಡೆದಿದ್ದ ಜಪಾನೀಯರು. ‘ನಾನು ಇಲ್ಲಿನ ಪ್ರಜೆಯಲ್ಲ, ಹಾಗಾಗಿ ಈ ತೆರಿಗೆ ನನಗಿಲ್ಲ’ ಎಂಬ ಇನ್ನೊಂದು ಜಾಣತನವೂ ನಡೆಯದು. ಗ್ರೀನ್ ಕಾರ್ಡ್ ಇದ್ದವರೂ, ಅಲ್ಲಿ ಇದ್ದ ದಿನಗಳ ಲೆಕ್ಕದಲ್ಲಿ ನಿವಾಸಿ ಎನಿಸಿಕೊಂಡವರೂ ಜಗತ್ತಿನ ಎಲ್ಲೆಡೆಯ ಆದಾಯವನ್ನು ಅಲ್ಲಿ ತೋರಿಸಬೇಕು. ಅಂದರೆ ತುಮಕೂರಿನ ಮನೆಯ ಬಾಡಿಗೆ, ಇಲ್ಲಿನ ಬ್ಯಾಂಕಿನ ಠೇವಣಿಯ ಬಡ್ಡಿ ಎಲ್ಲವೂ ಅದರೊಳಗೆ ಬರುತ್ತವೆ.

ಅಕ್ಕನ ಮಗನ ಮನೆಯನ್ನು ಬಾಡಿಗೆಗೆ ಹಿಡಿದವರು ಅನಿವಾಸಿಗೆ ಕೊಡುವ ಬಾಡಿಗೆಯಲ್ಲಿ ಶೇ 31.2ರಷ್ಟು ಟಿಡಿಎಸ್ ಹಿಡಿದು ಕಟ್ಟುತ್ತಿದ್ದಾರೆ. ಇಲ್ಲಿ ರಿಟರ್ನ್ಸ್ ಹಾಕಿ ಅದರಲ್ಲಿ ಹೆಚ್ಚಾದದ್ದನ್ನು ರಿಫಂಡ್ ಪಡೆದ ಮೇಲೆ, ನಿಜವಾಗಿ ತಗುಲಿದ ತೆರಿಗೆಗೆ ಅಲ್ಲಿನ ಫಾರಂ 1116ರಲ್ಲಿ ರಿಯಾಯಿತಿ ಕೇಳಬಹುದು; ಅವನು ಇಷ್ಟು ವರ್ಷವೂ ಅದನ್ನು ಕೇಳಿಯೇ ಇರಲಿಲ್ಲ. ಹಿಂದಿನ ವರ್ಷಗಳ ರಿಟರ್ನ್ಸ್ ತಿದ್ದಿ ಹಾಕಲು ಅಲ್ಲಿನ ಲೆಕ್ಕಿಗರೊಬ್ಬರನ್ನು ನೋಡಲು ಹೇಳಿದ್ದೇನೆ. ಈ ವರ್ಷದ್ದಕ್ಕೆ ಏಪ್ರಿಲ್ 15 ಗಡುವು; ಅರ್ಜಿ ಕೊಟ್ಟರೆ ರಿಟರ್ನ್ಸ್ ಹಾಕಲು ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ, ಹಣ ಕಟ್ಟುವುದಕ್ಕೆ ಸಿಗುವುದಿಲ್ಲ.